ನೀರು ತೊಟ್ಟಿಕ್ಕದ ಜಾಗ

ನಿವೃತ್ತನಾದ ಮೇಲೆ ಅಷ್ಟು ಬೆಳಿಗ್ಗೆ ನಿಲ್ದಾಣಕ್ಕೆ ಹೋದದ್ದು ಅದೇ ಮೊದಲು. ಜುಲೈ ತಿಂಗಳ ಒಂದು ಸೋಮವಾರ, ಏಳೂವರೆ ಗಂಟೆ. ಗಾಡಿ ಹಿಡಿಯುವ ತರಾತುರಿ ಇರಲಿಲ್ಲ. ಕೈಯಲ್ಲಿ ಐದು ಮೀಟರಿನ ಉಕ್ಕಿನ ಟೇಪು, ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಹಾಳೆಯ ಒಂದು ನಮೂನೆ, ಜೊತೆಗೆ ನಮ್ಮ ಕಟ್ಟಡದ ಮೂರನೆಯ ಮಹಡಿಯ ಹುಡುಗಿ. ಅವಳು ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾಳೆ. ಅವಳ ತಾಯಿಯ ತವರು ಕುಂದಾಪುರದ ಕಡೆ, ನನ್ನದು ಹೊನ್ನಾವರ. ಪರವೂರಿನಲ್ಲಿ ಅಷ್ಟು ಸಾಕು, ನಾನು ಅವಳಿಗೆ ‘ಮಾವ’ನಾಗಿದ್ದೇನೆ. ಪ್ರಯಾಣಿಕರ ಸಂಘದವರು ಮಳೆಗಾಲದಲ್ಲಿ ನಿಲ್ದಾಣಗಳ ಸ್ಥಿತಿ ನೋಡಿ ಬರೆದುಕೊಡುವವರು ಬೇಕೆಂದಿದ್ದರು. ಕೆಲಸವಿಲ್ಲದ ನಾನು ಸಿಕ್ಕಿದೆ, ನನಗೆ ಅವಳು ಸಿಕ್ಕಿದಳು.

ನಿಲ್ದಾಣದ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಚಹಾ ಕುಡಿಯಲು ನನಗೆ ಮುಖ ಉಳಿಯುವುದಿಲ್ಲ. ಮುಂಬಯಿಯ ಲೋಕಲ್ ಹಿಡಿದು ಠಾಣೆ ದಾಟಿದ ಮೇಲೆ ಸಿಗುತ್ತದೆ ಎಂದರೆ ಸಾಕು. 1853ರಲ್ಲಿ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಬಂದು ನಿಂತಿತು. ಆಮೇಲಿನ ಊರುಗಳಲ್ಲಿ ಉಳಿದುಕೊಂಡವರು ನಾವು, ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ. ಇಪ್ಪತ್ತೇಳು ವರ್ಷ ದಿನಕ್ಕೆರಡು ಸಲ ಆ ಮೇಲ್ಸೇತುವೆಯ ಮೆಟ್ಟಿಲು ತುಳಿದಿದ್ದೇನೆ. ಒಂದು ದಿನವೂ ಎಣಿಸಿರಲಿಲ್ಲ.

ಎಣಿಸಿದೆವು. ನನಗೆ ಮೂವತ್ತೇಳು ಬಂತು, ಅವಳಿಗೆ ಮೂವತ್ತೆಂಟು. ಮತ್ತೆ ಎಣಿಸಿದೆವು, ಮತ್ತೆ ಹಾಗೆಯೇ. ಆ ಒಂದು ಮೆಟ್ಟಿಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮೂನೆಯಲ್ಲಿ ಅರವತ್ತೆರಡು ಪ್ರಶ್ನೆಗಳು. ಎದುರಿಗೆ ‘ಇದೆ’, ‘ಇಲ್ಲ’, ಇದ್ದರೆ ‘ಚೆನ್ನಾಗಿದೆ’, ‘ಸಾಧಾರಣ’, ‘ಕೆಟ್ಟಿದೆ’ ಎಂಬ ಚೌಕಗಳು. ಮೊದಲ ಹಾಳೆ ಸರಸರ ಮುಗಿಯಿತು. ಗಡಿಯಾರ ಇದೆ, ಚೆನ್ನಾಗಿದೆ. ಗಾಡಿ ಎಷ್ಟು ನಿಮಿಷಕ್ಕೆ ಬರುತ್ತದೆಂದು ತೋರಿಸುವ ಫಲಕ ಇದೆ, ಸಾಧಾರಣ, ಏಕೆಂದರೆ ಅದರ ಎರಡು ನಿಮಿಷ ಕೆಲವೊಮ್ಮೆ ಆರು ನಿಮಿಷ. ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿ ಯಾರ ಬಳಿ ಇದೆಯೆಂದು ಮೂವರನ್ನು ಕೇಳಿದೆವು, ಮೂವರೂ ಬೇರೆ ಬೇರೆಯವರತ್ತ ಕೈ ತೋರಿಸಿದರು. ಆದರೂ ‘ಇದೆ’ ಎಂದೇ ಗುರುತು ಹಾಕಬೇಕಾಯಿತು, ಇತ್ತಲ್ಲ! ಗುಟ್ಕಾ ಉಗುಳಬಾರದೆಂದು ಮೂಲೆಯಲ್ಲಿ ದೇವರ ಚಿತ್ರದ ಟೈಲ್ಸ್ ಅಂಟಿಸಿದ್ದರು. ಜನ ದೇವರಿಗೆ ಮರ್ಯಾದೆ ಕೊಟ್ಟು ಒಂದು ಮೊಳ ಈಚೆಗೆ ಉಗುಳಿದ್ದರು.

ಕೆಲಸ ನಿಧಾನವಾದದ್ದು ಬೆಂಚಿನ ಹತ್ತಿರ. ‘ಆಸನಗಳು ಇವೆಯೇ?’ ಇದ್ದವು, ಕಲ್ಲಿನವು, ಗಟ್ಟಿಮುಟ್ಟಾದವು. ‘ಚೆನ್ನಾಗಿದೆ’ ಎಂದು ಗುರುತು ಹಾಕಿ, ಬರೆಯಲು ಅನುಕೂಲವೆಂದು ಅದರ ಮೇಲೆಯೇ ಕುಳಿತೆ. ಮೊಣಕಾಲು ಎದೆಯ ಮಟ್ಟಕ್ಕೆ ಬಂತು. ಏಳಲು ಹೋದರೆ ಹುಡುಗಿ ಕೈ ಕೊಡಬೇಕಾಯಿತು. ಅವಳು ತಕ್ಷಣ ಟೇಪು ಬಿಚ್ಚಿ ಅಳೆದಳು. ನೆಲದಿಂದ ಆಸನಕ್ಕೆ ಮೂವತ್ತೊಂದು ಸೆಂಟಿಮೀಟರ್.

“ಮಾವ, ಬೆಂಚು ಗಿಡ್ಡವಲ್ಲ, ನೆಲ ಮೇಲೆ ಬಂದಿದೆ” ಎಂದಳು.

ಹೌದಲ್ಲ! ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಯಲ್ಲಿ ಜನ ಸಿಕ್ಕಿಬಿದ್ದು ಕೈಕಾಲು ಕಳೆದುಕೊಳ್ಳುತ್ತಿದ್ದರು. ಆ ಗಲಾಟೆ ಹೈಕೋರ್ಟಿನವರೆಗೂ ಹೋಗಿ, ಮುಂಬಯಿಯ ಲೋಕಲ್ ನಿಲ್ದಾಣಗಳ ಪ್ಲಾಟ್‌ಫಾರ್ಮುಗಳನ್ನು ಹಳಿಯಿಂದ 900 ಮಿಲಿಮೀಟರಿನವರೆಗೆ ಎತ್ತರಿಸಿದರು. ಮಾಡಲೇಬೇಕಾಗಿದ್ದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿಯೂ ಹಳೆಯ ನೆಲದ ಮೇಲೆ ಕಾಂಕ್ರೀಟು ಸುರಿದು ಹೊಸ ಕಲ್ಲು ಹಾಸಿದ್ದರು. ಬೆಂಚುಗಳನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಅವು ಕಾಲು ಹೂತುಕೊಂಡು ನಿಂತಿದ್ದವು, ಮೊಣಕಾಲುದ್ದ ಕೆಸರಿನಲ್ಲಿ ಸಿಕ್ಕಿದ ಎಮ್ಮೆಗಳ ಹಾಗೆ. ನಲ್ಲಿಯ ತೊಟ್ಟಿಯೂ ಅಷ್ಟೇ, ಬಗ್ಗದೆ ನೀರು ಕುಡಿಯುವಂತಿರಲಿಲ್ಲ. ಎಷ್ಟು ಎತ್ತರಿಸಿದ್ದಾರೆಂದು ಹಳಿಯಿಂದಲೇ ಅಳೆಯುವ ಆಸೆ ಹುಡುಗಿಗೆ. ಹಳಿಗಿಳಿಯುವುದು ಅಪರಾಧವೆಂದು ಗದರಿಸಿ ನಿಲ್ಲಿಸಿದೆ. ಕಂಬದ ಮೇಲಿನ ಹಳೆಯ ಬಣ್ಣದ ಪಟ್ಟಿ ನೋಡಿ ಹದಿನಾಲ್ಕು ಸೆಂಟಿಮೀಟರ್ ಎಂದು ಅಂದಾಜು ಮಾಡಿದಳು.

ಮೆಟ್ಟಿಲಿನ ಲೆಕ್ಕವೂ ಆಗ ಬಗೆಹರಿಯಿತು. ಉಳಿದ ಮೆಟ್ಟಿಲುಗಳ ಎತ್ತರ ಹದಿನಾರು ಸೆಂಟಿಮೀಟರ್. ಎಲ್ಲಕ್ಕಿಂತ ಕೆಳಗಿನದು ಹೊಸ ನೆಲದಲ್ಲಿ ಮುಳುಗಿ ಬರೀ ಎರಡು ಸೆಂಟಿಮೀಟರ್ ತಲೆ ಎತ್ತಿತ್ತು. ನಾನು ಅದನ್ನು ನೆಲವೆಂದು ಬಿಟ್ಟಿದ್ದೆ, ಅವಳು ಮೆಟ್ಟಿಲೆಂದು ಎಣಿಸಿದ್ದಳು. ಅಂಚಿನ ತಗಡು ಒಂದು ಮೂಲೆಯಲ್ಲಿ ಎದ್ದು, ಅದರ ತಿರುಪು ಹೊಳೆಯುತ್ತಿತ್ತು, ದಿನವೂ ಸಾವಿರಾರು ಚಪ್ಪಲಿಗಳು ಉಜ್ಜಿದ ಹೊಳಪು.

ಎಂಟಕ್ಕೆ ಮಳೆ ಹಿಡಿಯಿತು. ಕೊಂಕಣದ ಮಳೆ ಗೊತ್ತಲ್ಲ, ಆಕಾಶ ಕಳಚಿ ಬಿದ್ದ ಹಾಗೆ. ಮೇಲ್ಸೇತುವೆಯ ಚಾವಣಿಗೂ ಪ್ಲಾಟ್‌ಫಾರ್ಮಿನ ಚಾವಣಿಗೂ ನಡುವೆ ಒಂದು ಗೇಣಿನ ಸಂದಿ. ಅದರಿಂದ ನೀರು ಪರದೆಯ ಹಾಗೆ ಇಳಿದು ಕೆಳಗಿನ ನಾಲ್ಕೈದು ಮೆಟ್ಟಿಲುಗಳ ಎಡ ಅರ್ಧದ ಮೇಲೆ ಬೀಳುತ್ತಿತ್ತು. ‘ಚಾವಣಿ ಸೋರುತ್ತದೆಯೇ?’ ಎಂಬುದು ಮೂವತ್ತೊಂದನೆಯ ಪ್ರಶ್ನೆ. ‘ಸಾಧಾರಣ’ ಎಂದು ಗುರುತು ಹಾಕಿದೆ. ಒಂದು ಗೇಣಿನ ಸಂದಿಗೆ ‘ಕೆಟ್ಟಿದೆ’ ಎಂದು ಬರೆಯುವುದು ಸಣ್ಣತನವೆನಿಸಿತು. ಹಾಳೆ ನೆನೆಯದಿರಲೆಂದು ನಾವಿಬ್ಬರೂ ಮೆಟ್ಟಿಲಿನ ಬುಡದಲ್ಲಿ, ಬಲಗಡೆಯ ಕಂಬಿಗೆ ಒರಗಿ ನಿಂತೆವು.

ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ಒರೆಸುವ ಕೋಲು ಹಿಡಿದು ಅಲ್ಲಿಗೇ ಬಂದಳು. ನಮ್ಮ ಮಾತು ಕಿವಿಗೆ ಬಿದ್ದಿರಬೇಕು, “ಅಣ್ಣಾ, ನೀವು ಕನ್ನಡದವರೇ?” ಎಂದಳು. ಅವಳದು ಸೇಡಂ ಕಡೆಯ ಹಳ್ಳಿ. ಊರು, ಮಳೆ, ತೊಗರಿ ಬಿತ್ತನೆ ಎಲ್ಲ ಎರಡು ನಿಮಿಷದಲ್ಲಿ ವಿಚಾರಿಸಿ ಮುಗಿಸಿದೆವು. ಆಮೇಲೆ ಕೋಲಿನಿಂದ ನಮ್ಮ ಕಾಲಬುಡ ತೋರಿಸಿ ಹೇಳಿದಳು: “ಬೆಳಿಗ್ಗೆಯಿಂದ ಇಲ್ಲಿ ನಾಲ್ಕು ಸಲ ಒರೆಸಿದ್ದೇನೆ. ಒರೆಸಿದಷ್ಟೂ ನನಗೇ ತೊಂದರೆ. ಒಣಗಿದೆಯಲ್ಲ ಎಂದು ಎಲ್ಲರೂ ಇಲ್ಲೇ ಬಂದು ನಿಲ್ಲುತ್ತಾರೆ. ಸ್ವಲ್ಪ ಸರಿಯಿರಿ.”

ಸರಿಯಲು ನೋಡಿದೆ. ಆಗಲೇ ತಡವಾಗಿತ್ತು. ನಮ್ಮ ಹಿಂದೆ ಏಳೆಂಟು ಜನ ಛತ್ರಿ ಮಡಚುತ್ತ, ಮೊಬೈಲ್ ಒರೆಸಿಕೊಳ್ಳುತ್ತ ನಿಂತಿದ್ದರು. ಅಷ್ಟರಲ್ಲಿ ಹನ್ನೆರಡು ಡಬ್ಬಿಯ ಸ್ಲೋ ಗಾಡಿ ಬಂತು. ಇಳಿದವರು ಮೆಟ್ಟಿಲಿಗೆ ನುಗ್ಗಿದರು, ಗಾಡಿ ಹಿಡಿಯುವವರು ಮೇಲಿನಿಂದ ಓಡಿಬಂದರು. ಎಡ ಅರ್ಧದಲ್ಲಿ ನೀರು ಬೀಳುತ್ತಿದೆ, ಅಲ್ಲಿ ಯಾರೂ ಕಾಲಿಡುತ್ತಿಲ್ಲ. ಬಲ ಅರ್ಧದ ಬಾಯಿಯಲ್ಲಿ ನಾವಿದ್ದೇವೆ. ಹುಡುಗಿ ಮುಂಚೆಯೇ ಅಳೆದಿದ್ದ ಮೆಟ್ಟಿಲಿನ ಎರಡೂವರೆ ಮೀಟರ್ ಅಗಲದಲ್ಲಿ ಆ ಹೊತ್ತಿಗೆ ನಡೆಯಲು ಉಳಿದದ್ದು ಒಂದು ಮೀಟರೂ ಇರಲಿಲ್ಲ. “ಚಲಾ, ಚಲಾ” ಎಂದು ಹಿಂದಿನಿಂದ ಕೂಗು. ನನ್ನ ಪಕ್ಕದಲ್ಲೇ ಒಬ್ಬ ಹೆಂಗಸಿನ ಕಾಲು ಆ ಎರಡು ಸೆಂಟಿಮೀಟರಿಗೆ ತಗಲಿತು. ಮುಗ್ಗರಿಸಿದಳು. ಯಾರದೋ ತೋಳು ಸಿಕ್ಕಿ ಬೀಳಲಿಲ್ಲ, ಊಟದ ಡಬ್ಬಿ ಮಾತ್ರ ಉರುಳಿಹೋಯಿತು. ಹಿಂದೆ ತಿರುಗಿ ನೋಡುವ ಹಾಗೂ ಇರಲಿಲ್ಲ ಅವಳಿಗೆ. ಒಂದೂವರೆ ನಿಮಿಷ. ಆಮೇಲೆ ಎಲ್ಲ ಖಾಲಿ.

ಹುಡುಗಿಯ ಮುಖ ಬಿಳಿಚಿತ್ತು. ನನಗೆ ಪರೇಲ್ ನೆನಪಾಯಿತು. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಅಲ್ಲಿ, ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳ ನಡುವಿನ ಇಕ್ಕಟ್ಟಾದ ಸೇತುವೆಯಲ್ಲಿ, 23 ಜನ ಕಾಲ್ತುಳಿತಕ್ಕೆ ಸತ್ತರು. ಅಂದೂ ಮಳೆ. ನೆನೆಯಬಾರದೆಂದು ಜನ ಸೇತುವೆಯ ಮೇಲೆಯೇ ನಿಂತುಬಿಟ್ಟಿದ್ದರು, ಗಾಡಿಯಿಂದ ಗಾಡಿಗೆ ಇನ್ನಷ್ಟು ಜನ ಬಂದು ತುಂಬಿಕೊಂಡರು. ಆಮೇಲೆ ಸೇನೆಯವರು ಬಂದು 2018ರ ಫೆಬ್ರುವರಿಯೊಳಗೆ ಎಲ್ಫಿನ್‌ಸ್ಟನ್ ರೋಡ್, ಕರೀ ರೋಡ್, ಅಂಬಿವಲಿ ಮೂರೂ ಕಡೆ ಸೇತುವೆ ಕಟ್ಟಿಕೊಟ್ಟರು. ಆ ಸುದ್ದಿ ಓದಿದಾಗ, ಮಳೆಗೆ ಹೆದರಿ ಹಾದಿಯಲ್ಲಿ ಯಾರಾದರೂ ನಿಲ್ಲುತ್ತಾರೆಯೇ ಎಂದು ಆ ಜನರನ್ನೇ ಬೈದುಕೊಂಡಿದ್ದೆ. ಈಗ ನಾನೇ ನಿಂತಿದ್ದೆ, ಕೈಯಲ್ಲಿ ತಪಾಸಣೆಯ ನಮೂನೆ ಹಿಡಿದುಕೊಂಡು.

ಮೂವತ್ತೊಂದರ ‘ಸಾಧಾರಣ’ವನ್ನು ಹೊಡೆದುಹಾಕಿ ‘ಕೆಟ್ಟಿದೆ’ ಮಾಡಿದೆ. ಹುಡುಗಿ ಒಪ್ಪಲಿಲ್ಲ. “ಸೋರುವುದೊಂದೇ ಕೆಟ್ಟದ್ದಲ್ಲ ಮಾವ. ಸೋರುತ್ತದೆ, ಅದಕ್ಕೆ ಜನ ಬಲಕ್ಕೆ ಬರುತ್ತಾರೆ. ಬಲದಲ್ಲಿ ಒರೆಸಿದೆ, ಅದಕ್ಕೆ ನಿಲ್ಲುತ್ತಾರೆ. ಕೂರಲು ಬೆಂಚು ಸರಿಯಿಲ್ಲ, ಅದಕ್ಕೂ ಇಲ್ಲೇ ನಿಲ್ಲುತ್ತಾರೆ. ನಿಂತ ಜಾಗದಲ್ಲೇ ಆ ಮೆಟ್ಟಿಲು” ಎಂದಳು. ಕೊನೆಯ ಹಾಳೆಯ ಹಿಂಬದಿಯಲ್ಲಿ ಅವಳು ನಕ್ಷೆ ಬರೆದಳು. ಸಂದಿ, ನೀರು ಬೀಳುವ ಭಾಗಕ್ಕೆ ಓರೆಗೆರೆ, ಒಣಜಾಗಕ್ಕೆ ಒಂದು ವೃತ್ತ, ವೃತ್ತದೊಳಗೆ ಚುಕ್ಕೆಗಳು. ಎರಡು ಚುಕ್ಕೆಗಳನ್ನು ದಪ್ಪ ಮಾಡಿದಳು. ಅವು ಯಾರೆಂದು ನಾನು ಕೇಳಲಿಲ್ಲ.

ಸಂಜೆ ಸಂಘದ ಕಾರ್ಯದರ್ಶಿಗೆ ನಮೂನೆ ಒಪ್ಪಿಸಿದೆ. ಒಳ್ಳೆಯ ಮನುಷ್ಯ, ಒಂದೊಂದೂ ಚೌಕ ತಾಳ್ಮೆಯಿಂದ ನೋಡಿದರು. ಕೊನೆಯ ಹಾಳೆ ಮಗುಚಿ, ಕನ್ನಡಕ ಸರಿಮಾಡಿಕೊಂಡು, “ಈ ಚಿತ್ರ ಯಾವ ಪ್ರಶ್ನೆಗೆ ಉತ್ತರ?” ಎಂದು ಕೇಳಿದರು.

“ಒಂಬತ್ತು, ಇಪ್ಪತ್ತೆರಡು, ಮೂವತ್ತೊಂದು, ಮೂರಕ್ಕೂ ಸೇರಿ” ಎಂದೆ.

“ಹಾಗೆ ಸೇರಿಸಿ ಬರೆಯಲು ಇದರಲ್ಲಿ ಜಾಗವಿಲ್ಲವಲ್ಲ.”

ಬೇರೆ ಹಾಳೆಯ ಮೇಲೆ ನಕ್ಷೆಯನ್ನು ಇನ್ನೊಮ್ಮೆ ಬರೆದು ಮೇಲೆಯೇ ಲಗತ್ತಿಸೋಣವೆಂದು ತೀರ್ಮಾನವಾಯಿತು. ಸ್ಟೇಪ್ಲರಿನಲ್ಲಿ ಪಿನ್ನು ಮುಗಿದಿತ್ತು. ಗುಂಡುಸೂಜಿ ಚುಚ್ಚಿ ಕೊಟ್ಟುಬಂದೆ.