ತಮ್ಮನ ಪರ್ಸ್‌ನಲ್ಲಿ ಇರೋದು ತಮ್ಮನ ದುಡ್ಡು

ವಿಶೇಷ ಮಕ್ಕಳ ಅಪ್ಪ-ಅಮ್ಮಂದಿರು ನಾಲ್ಕು ಜನ ಸೇರಿದರೆ ಮಾತು ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತದೆ. "ನಮ್ಮ ಕಾಲ ಆದ್ಮೇಲೆ ಇವರನ್ನ ಯಾರು ನೋಡ್ಕೋತಾರೆ?" ನಮ್ಮ ಅಮ್ಮನದೂ ಅದೇ ಪ್ರಶ್ನೆ. ಭಯ ನ್ಯಾಯವಾದದ್ದೇ. ಆದರೆ ಆ ಮಾತು ನಡೆಯುವಾಗ ನನ್ನ ತಮ್ಮ ಪಕ್ಕದಲ್ಲೇ ಕೂತಿರುತ್ತಾನೆ. ಹುಟ್ಟಿನಿಂದಲೇ ಬಂದ, ಕಲಿಕೆಯನ್ನು ನಿಧಾನ ಮಾಡುವ ಡೌನ್ ಸಿಂಡ್ರೋಮ್ ಇದೆ, ವಯಸ್ಸು ಇಪ್ಪತ್ತು ದಾಟಿದೆ, ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. "ನಿನಗೆ ಎಲ್ಲಿರಬೇಕು ಅನ್ಸುತ್ತೆ, ಏನು ಮಾಡಬೇಕು ಅನ್ಸುತ್ತೆ" ಎಂದು ಅವನನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಿದರೂ ತಕ್ಷಣ ಉತ್ತರ ಬರುವುದಿಲ್ಲ, ಅದೂ ನಿಜ. ಊಟ, ಬಟ್ಟೆ, ಕ್ಷೌರ ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡಿಕೊಂಡು ಬಂದ ಹುಡುಗನನ್ನು ಏಕಾಏಕಿ "ನಿನ್ನ ಜೀವನ, ನೀನೇ ಹೇಳು" ಎಂದರೆ ಅವನು ಏನು ಹೇಳಬೇಕು? ಅಭ್ಯಾಸ ಬೇಕಲ್ವಾ. ಆ ಅಭ್ಯಾಸ ದುಡ್ಡಿನಿಂದಲೇ ಶುರುವಾಗಬೇಕು ಎನ್ನುವುದು ನನ್ನ ವಾದ. ಕೆಂಪು ಶರ್ಟಾ ನೀಲಿ ಶರ್ಟಾ ಎಂದು ಕೇಳುವುದು ಸುಲಭ, ಯಾವುದು ಹೇಳಿದರೂ ಯಾರಿಗೂ ನಷ್ಟವಿಲ್ಲ. ದುಡ್ಡು ಹಾಗಲ್ಲ. ಬೋಂಡಾ ತಿಂದರೆ ಜ್ಯೂಸ್ ಇಲ್ಲ, ಅಷ್ಟೇ.

ಹಾಗಾಗಿ ಅವನಿಗೆ ವಾರಕ್ಕಿಷ್ಟು ಅಂತ ಪಾಕೆಟ್ ಮನಿ, ಅವನದೇ ಪರ್ಸ್. ಅಂಕಿಗಳು ಅವನಿಗೆ ಕಷ್ಟ, ಬಣ್ಣ ಸಲೀಸು. 10ರ ನೋಟು ಚಾಕಲೇಟ್ ಕಂದು, 50 ತಿಳಿ ನೀಲಿ, 100 ತಿಳಿ ನೇರಳೆ, 200 ಹಳದಿ, 500 ಬೂದು ಬಣ್ಣ. ಅವನ ಟೀಚರ್ ಹೀಗೇ ಹೇಳಿಕೊಟ್ಟರು. ತಲೆನೋವು ಎಲ್ಲಿ ಅಂದರೆ, ಹಳೆಯ 100ರ ನೋಟು ಇನ್ನೂ ಓಡಾಡುತ್ತಿದೆ, ಅದೂ ನೀಲಿ ಮಿಶ್ರಿತ, ಐವತ್ತು ಅಂದುಕೊಂಡು ಕೊಟ್ಟುಬಿಡುತ್ತಾನೆ. ಅದಕ್ಕೇ ಹಳೇ ನೋಟು ಸಿಕ್ಕರೆ ಪರ್ಸ್‌ನ ಬೇರೆ ಖಾನೆಗೆ ಹಾಕುತ್ತಾನೆ. ಈಗ ಎಲ್ಲ ಕಡೆ ಸ್ಕ್ಯಾನ್ ಮಾಡಿ ಅನ್ನುತ್ತಾರೆ, ಆದರೆ ಫೋನಿನಲ್ಲಿ ದುಡ್ಡು ಕರಗುವುದು ಅವನ ಕಣ್ಣಿಗೆ ಕಾಣುವುದಿಲ್ಲ. ಸದ್ಯಕ್ಕೆ ನೋಟೇ ಸರಿ.

ಭಾನುವಾರ ಬೆಳಿಗ್ಗೆ ನಮ್ಮ ಬಸವನಗುಡಿ ಕಡೆಯ ದರ್ಶಿನಿಯೊಂದಕ್ಕೆ ಹೋಗುತ್ತೇವೆ. ಮೊದಲು ಕ್ಯಾಶ್ ಕೌಂಟರ್, ಬಿಲ್ ತಗೊಂಡು ಆಮೇಲೆ ತಿಂಡಿ ಕೌಂಟರ್. ನಾನು ಪಕ್ಕದಲ್ಲಿ ನಿಂತರೆ ಕ್ಯಾಶಿಯರ್ ನನ್ನ ಮುಖ ನೋಡಿ "ಏನು ಕೊಡ್ಲಿ ಮೇಡಂ" ಅನ್ನುತ್ತಾರೆ. ಅದಕ್ಕೇ ನಾನು ಕೈ ತೊಳೆಯುವ ಕಡೆ ಹೋಗಿ ನಿಲ್ಲುತ್ತೇನೆ. ಆಗ ಬೇರೆ ದಾರಿಯಿಲ್ಲ, ಅವನನ್ನೇ ಕೇಳಬೇಕು. ಇವನು "ಖಾರಾಬಾತ್" ಅನ್ನುತ್ತಾನೆ, ಬೋರ್ಡ್ ನೋಡುತ್ತಾನೆ, "ಅಲ್ಲ, ಇಡ್ಲಿ ವಡೆ" ಅನ್ನುತ್ತಾನೆ, ಪರ್ಸ್ ತೆಗೆಯುತ್ತಾನೆ, ನೋಟುಗಳನ್ನು ಒಂದೊಂದೇ ಸರಿಸುತ್ತಾನೆ. ಹಿಂದಿನವರು ಲೊಚಗುಟ್ಟುತ್ತಾರೆ. ನನಗೆ ಓಡಿಹೋಗಿ ದುಡ್ಡು ಎಸೆದು ಬರೋಣ ಅನ್ನಿಸುತ್ತದೆ. ಮನೆಯವರು ಕಲಿಯಬೇಕಾದ್ದು ಬಹುಶಃ ಅಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು. ಒಂದು ವಾರ ಅಷ್ಟೂ ದುಡ್ಡನ್ನು ಮೈಸೂರ್ ಪಾಕಿಗೆ ಹಾಕಿ ಶನಿವಾರ ಅಳುತ್ತಾ ಕೂತ. ಅಮ್ಮ ಕದ್ದು ಐವತ್ತು ಕೊಟ್ಟರು. ಅಲ್ಲಿಗೆ ಆ ವಾರದ ಪಾಠ ಮುಗೀತು!

ಹದಿನೆಂಟು ತುಂಬಿದ ಕೂಡಲೇ ಎಲ್ಲರೂ ಹೇಳುವ ಮಾತು "ಗಾರ್ಡಿಯನ್‌ಶಿಪ್ ಮಾಡಿಸಿಬಿಡಿ". 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾ ಮಟ್ಟದ ಸಮಿತಿ ಗಾರ್ಡಿಯನ್, ಅಂದರೆ ಅವರ ಪರವಾಗಿ ತೀರ್ಮಾನ ಮಾಡುವ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಆದರೆ ಆಮೇಲೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ದಾರಿ ಬೇರೆ. ಬೇರೆಯವರಿಗೆ ಇರುವಷ್ಟೇ ಕಾನೂನಿನ ಸಾಮರ್ಥ್ಯ ಇವರಿಗೂ ಇದೆ ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. 14ನೇ ಸೆಕ್ಷನ್‌ನಲ್ಲಿ ಬರುವುದು ಸೀಮಿತ ಪೋಷಕತ್ವ. ಅಂದರೆ ಇಂಥ ವಿಷಯಕ್ಕೆ, ಇಷ್ಟು ಕಾಲಕ್ಕೆ, ಅವನ ಜೊತೆ ಕೂತು ಮಾತಾಡಿ ಇಬ್ಬರೂ ಸೇರಿ ತೀರ್ಮಾನ ಮಾಡುವುದು. 2007ರಲ್ಲಿ ಭಾರತ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದದ ಫಲ ಇದು. ಕಾಗದದ ಮೇಲೆ ಚೆನ್ನಾಗಿದೆ. ಬ್ಯಾಂಕಿಗೆ ಹೋದರೆ ಪೆನ್ನು ಮಾತ್ರ ಅಮ್ಮನ ಕೈಗೇ ಕೊಡುತ್ತಾರೆ, ಇವನಿಗೆ ಸಹಿ ಹಾಕಲು ಬರುತ್ತದೆ ಎಂದು ನಾವೇ ಹೇಳಬೇಕು.

ಇನ್ನೊಂದು ವಿಷಯ, "ಬೇಡ" ಅನ್ನುವುದು. ನೆಂಟರು ಬಂದು ಇಪ್ಪತ್ತು ದಾಟಿದ ಗಂಡಸಿನ ಕೆನ್ನೆ ಹಿಂಡುತ್ತಾರೆ. "ಬೇಡ ಆಂಟಿ" ಅಂದರೆ "ಹಠ ಜಾಸ್ತಿ ಆಗಿದೆ ಇವನಿಗೆ" ಅನ್ನುತ್ತಾರೆ. ಇದೇ ಮಾತನ್ನು ಇಂಜಿನಿಯರಿಂಗ್ ಓದುವ ಕಸಿನ್ ಹೇಳಿದರೆ ಹುಡುಗ ಬೆಳೆದಿದ್ದಾನೆ! ನನಗೆ ಇದರಲ್ಲಿ ಭಯವೂ ಇದೆ. ಯಾರು ಏನು ಹೇಳಿದರೂ ಕೇಳು ಎಂದು ಬೆಳೆಸಿದ ಮಗು ಕೆಟ್ಟವರು ಹೇಳಿದ್ದನ್ನೂ ಕೇಳುತ್ತದೆ. ಹಾಗಾಗಿ ಅವನು ಬೇಡ ಅಂದಾಗ, ನಮಗೆ ಮುಜುಗರವಾದರೂ, ಬೇಡ ಅಂದರೆ ಬೇಡ.

ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುವ ಮಕ್ಕಳಿಗೆ ಹದಿನಾರು ತುಂಬುವ ಹೊತ್ತಿಗೆ ಶಾಲೆಯ ನಂತರ ಏನು ಎಂಬ ಯೋಜನೆ ಇರಲೇಬೇಕು, ಆ ಮೀಟಿಂಗಿಗೆ ವಿದ್ಯಾರ್ಥಿಯನ್ನು ಕರೆಯಲೇಬೇಕು ಎಂದು ಕಾನೂನಿದೆ. ನಮ್ಮಲ್ಲಿ ಮಕ್ಕಳನ್ನು ಹೊರಗೆ ಉಯ್ಯಾಲೆ ಹತ್ತಿರ ಕೂರಿಸಿ ಒಳಗೆ ದೊಡ್ಡವರು ಮಾತಾಡುತ್ತಾರೆ. ಅವನು ಹೋಗುವ ಕೌಶಲ ತರಬೇತಿ ಕೇಂದ್ರದಲ್ಲಿ ಅವನೂ ಒಳಗೆ ಕೂರಲಿ ಎಂದು ಕೇಳಿದೆ, ಒಪ್ಪಿದರು. ಅವನಿಗೆ ಯಾವ ಕೆಲಸ ಕಲಿಸಬೇಕು ಎಂದು ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಅವನು ಹೇಳಿದ್ದು ಇಷ್ಟೇ: "ಪೇಪರ್ ಕವರ್ ಬೇಡ. ಗಿಡ." ಟೀಚರ್ ನಗಲಿಲ್ಲ, ಬರೆದುಕೊಂಡರು.

ಈಗ ಸಿದ್ದಾಪುರದ ನರ್ಸರಿಯೊಂದರಲ್ಲಿ ಮಾತಾಡಿದ್ದೇವೆ. ಅರ್ಧ ದಿನ ಬರಲಿ, ಕುಂಡಕ್ಕೆ ಮಣ್ಣು ತುಂಬಲಿ, ನೋಡೋಣ ಅಂದಿದ್ದಾರೆ. ತಂಟೆ ಇರುವುದು ಬಸ್ಸಿನಲ್ಲಿ. ಶಕ್ತಿ ಯೋಜನೆಯಿಂದ ನನಗೆ ಟಿಕೆಟ್ಟೇ ಬೇಡ, ಅವನಿಗೆ ರಿಯಾಯಿತಿ ಪಾಸ್ ಮಾಡಿಸಬೇಕು, ಅದೂ ಆಗುತ್ತದೆ. ಮೊದಲು ಪಕ್ಕದ ಸೀಟು, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ಸ್ಟಾಪಿನಲ್ಲಿ ಮಾತ್ರ ನಾನು, ಹೀಗೆ ಯೋಚಿಸಿದ್ದೇವೆ. ಒಬ್ಬನೇ ಬಸ್ಸಿನಲ್ಲಿ ಹೋಗಲು ಅಮ್ಮ ಇನ್ನೂ ಒಪ್ಪಿಲ್ಲ. ಅಮ್ಮನ ಹತ್ತಿರ ನೀನೇ ಮಾತಾಡು ಎಂದು ನಾನು ಇವನ ಪರ ವಕಾಲತ್ತು ವಹಿಸುವುದನ್ನು ಬಿಟ್ಟಿದ್ದೇನೆ, ಅವನು ದಿನಾ ಊಟಕ್ಕೆ ಕೂತಾಗ ಒಂದು ಸಲ ಬಸ್ ನಂಬರ್ ಹೇಳಿ ಅಮ್ಮನ ಮುಖ ನೋಡುತ್ತಾನೆ.