ಪೆನ್ನಿನ ಸದ್ದು

ನನ್ನ ಅಕ್ಷರ ಚೆನ್ನಾಗಿತ್ತು. ಹೀಗೆ ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಯಾಕೆಂದರೆ ಈಗ ಅದು ಪೂರ್ತಿ ಹಾಳಾಗಿದೆ. ಕಂಪ್ಯೂಟರ್ ಕುಟ್ಟಿ ಕುಟ್ಟಿ ನನ್ನ ಸಹಿಯೇ ತಿಂಗಳಿಗೊಂದು ಥರ ಬರುತ್ತದೆ. ಆದರೆ ಎಂಟು, ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯ ಮೆಟ್ಟಿಲ ಪಕ್ಕದ ಕಪ್ಪು ಹಲಗೆಯ ಮೇಲೆ ದಿನಾ ಸುಭಾಷಿತ ಬರೆಯುತ್ತಿದ್ದವನು ನಾನೇ. ವಾರ್ಷಿಕೋತ್ಸವದ ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಯುತ್ತಿದ್ದವನೂ ನಾನೇ. ಜೊತೆಗೆ ಕ್ವಿಜ್‌ನಲ್ಲಿ ಎರಡು ಸ್ಟೀಲ್ ಲೋಟ, ಒಂದು ಟಿಫನ್ ಡಬ್ಬಿ ಗೆದ್ದಿದ್ದೆ. ಒಟ್ಟಿನಲ್ಲಿ ನನ್ನ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

2003ನೇ ಇಸವಿ. ಒಂಬತ್ತನೇ ತರಗತಿಯ ಕೊನೆಯ ದಿನಗಳು. ಕನ್ನಡ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದರು. ಮೈಸೂರಿನ ತಿಲಕನಗರದ ಅಂಧ ಮಕ್ಕಳ ಶಾಲೆಯ ಒಬ್ಬ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಮ್ಮ ಶಾಲೆಯಲ್ಲೇ ಬರೆಯುತ್ತಾನೆ, ಅವನು ಹೇಳಿದ್ದನ್ನು ಬರೆದುಕೊಡಲು ಒಬ್ಬರು ಬೇಕು ಅಂದರು. ಬರೆಯುವವನು ಕೆಳಗಿನ ತರಗತಿಯವನೇ ಆಗಿರಬೇಕು, ಅದು ನಿಯಮ. ಹತ್ತನೇ ತರಗತಿ ಪಾಠ ಗೊತ್ತಿರುವವನಾದರೆ ತನ್ನದೇ ಉತ್ತರ ಬರೆದುಬಿಟ್ಟಾನು ಅಂತ. ‘ನಿನ್ನ ಅಕ್ಷರ ಚೆನ್ನಾಗಿದೆ, ಅದಕ್ಕೆ ನಿನ್ನನ್ನ ಕೇಳ್ತಿದ್ದೀನಿ’ ಅಂದರು ಮೇಷ್ಟ್ರು. ಅವರು ಹೇಳಿದ್ದು ಅಷ್ಟೇ. ನನ್ನ ಬುದ್ಧಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನಾನು ಮಾತ್ರ ಅದನ್ನೂ ಸೇರಿಸಿಕೊಂಡೇ ಮನೆಗೆ ಹೋದೆ.

ಅಮ್ಮ ಪಕ್ಕದ ಮನೆಯವರಿಗೆ, ‘ಪಾಪ, ಕಣ್ಣಿಲ್ಲದ ಹುಡುಗನಂತೆ, ನಮ್ಮೋನು ಪಾಸು ಮಾಡಿಸ್ತಿದ್ದಾನೆ’ ಅಂತ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ತಿದ್ದಬೇಕು ಅನಿಸಲಿಲ್ಲ.

ಪರೀಕ್ಷೆಗೆ ಮುಂಚೆ ಒಂದು ತಿಂಗಳು, ಭಾನುವಾರ ಭಾನುವಾರ, ನಾನು ಸೈಕಲ್ಲಿನಲ್ಲಿ ತಿಲಕನಗರಕ್ಕೆ ಹೋಗಬೇಕಿತ್ತು. ಹೇಳುವವನಿಗೂ ಬರೆಯುವವನಿಗೂ ಹೊಂದಿಕೆಯಾಗಲಿ ಅಂತ. ಆ ಶಾಲೆ ಶುರುವಾದದ್ದು 1901ರಲ್ಲಿ. ನಮ್ಮ ಶಾಲೆಗಿಂತ ಎಷ್ಟೋ ಹಳೆಯದು. ಮೈಸೂರಿನಲ್ಲೇ ಹುಟ್ಟಿ ಬೆಳೆದ ನಾನು ಆ ಗೇಟಿನ ಮುಂದೆ ಎಷ್ಟೋ ಸಲ ಸೈಕಲ್ ಹೊಡೆದಿದ್ದೆ. ಒಳಗೆ ಕಾಲಿಟ್ಟಿರಲಿಲ್ಲ.

ಆ ಹುಡುಗ ಕೊಳ್ಳೇಗಾಲದ ಕಡೆಯವನು. ಶಾಲೆಗೆ ತಡವಾಗಿ ಸೇರಿದ್ದರಿಂದ ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವನು. ಆಗಲೇ ಮೀಸೆ ಬಂದಿತ್ತು. ಹಾಗಾಗಿ ಮೊದಲ ದಿನದಿಂದಲೇ ‘ಅಣ್ಣ’ ಅಂತ ಕರೆದೆ. ಇಲ್ಲೂ ಹಾಗೇ ಕರೆಯುತ್ತೇನೆ.

ಮೊದಲ ದಿನವೇ ಮೂರು ತಪ್ಪು ಮಾಡಿದೆ. ವರಾಂಡದಿಂದ ಕ್ಲಾಸ್ ರೂಮಿಗೆ ಹೋಗಬೇಕಿತ್ತು. ನಾನು ಅವನ ತೋಳು ಗಟ್ಟಿಯಾಗಿ ಹಿಡಿದು ಎಳೆದುಕೊಂಡು ಹೊರಟೆ, ಸಂತೆಯಲ್ಲಿ ಕರು ಕೊಂಡವನ ಹಾಗೆ. ಅಣ್ಣ ನಿಂತುಬಿಟ್ಟ. ‘ನೀನು ನನ್ನ ಹಿಡ್ಕೋಬೇಡ. ನಾನು ನಿನ್ನ ಹಿಡ್ಕೋತೀನಿ’ ಅಂದು ನನ್ನ ಮೊಣಕೈ ಹತ್ತಿರ ಸುಮ್ನೆ ಎರಡು ಬೆರಳು ಇಟ್ಟ. ಹಾಗೆ ಹಿಡಿದರೆ ಮುಂದಿರುವವನು ಅರ್ಧ ಹೆಜ್ಜೆ ಮುಂದೆ ಇರುತ್ತಾನೆ. ಅವನು ಮೆಟ್ಟಿಲು ಹತ್ತಿದ್ದು, ಇಳಿದದ್ದು, ತಿರುಗಿದ್ದು ಎಲ್ಲಾ ಹಿಡಿದವನ ಕೈಗೆ ಗೊತ್ತಾಗುತ್ತದೆ. ಅವನೇನೋ ಆ ಶಾಲೆಯ ಮೂಲೆ ಮೂಲೆ ಗೊತ್ತಿದ್ದವನು. ನನ್ನ ಸಹಾಯವೇ ಬೇಕಿರಲಿಲ್ಲ ಅಂತ ಆಮೇಲೆ ಹೊಳೆಯಿತು. ನನಗೆ ಬೇಜಾರಾಗಬಾರದು ಅಂತ ಹಿಡಿದುಕೊಂಡಿದ್ದ.

ಎರಡನೆಯದು, ಅವನು ಏನು ಕೇಳಿದರೂ ನಾನು ತಲೆ ಆಡಿಸುತ್ತಿದ್ದೆ. ಸ್ವಲ್ಪ ಹೊತ್ತು ನೋಡಿ, ‘ತಲೆ ಆಡಿಸ್ತಿದ್ದೀಯಾ? ಅದಕ್ಕೆ ಸದ್ದು ಬರಲ್ಲ ಕಣೋ’ ಅಂದ. (‘ನೋಡಿ’ ಅಂತ ಬರೆದೆ. ಅವನೂ ಹಾಗೇ ಮಾತಾಡುತ್ತಿದ್ದ. ‘ನಿನ್ನೆ ಕ್ರಿಕೆಟ್ ನೋಡಿದೆ’ ಅನ್ನುತ್ತಿದ್ದ. ರೇಡಿಯೋ ಕಾಮೆಂಟರಿ ಅಷ್ಟೇ.)

ಮೂರನೆಯದಕ್ಕೆ ನಿಜವಾಗಿಯೂ ಸಿಟ್ಟು ಮಾಡಿಕೊಂಡ. ಮೇಜಿನ ಮೇಲೆ ಬ್ರೈಲ್ ಪುಸ್ತಕಗಳಿದ್ದವು. ನಮ್ಮ ಒಂದು ಪಠ್ಯಪುಸ್ತಕ ಬ್ರೈಲಿನಲ್ಲಿ ಮೂರು ನಾಲ್ಕು ದಪ್ಪ ಸಂಪುಟ ಆಗುತ್ತದೆ. ರಟ್ಟಿನಂಥ ಹಾಳೆ, ಅದರ ಮೇಲೆ ಉಬ್ಬಿದ ಚುಕ್ಕಿಗಳು. ನಾನು ನನ್ನ ಬ್ಯಾಗನ್ನು ಅದರ ಮೇಲಿಟ್ಟು, ಬ್ಯಾಗಿನ ಮೇಲೆ ಮೊಣಕೈ ಊರಿ ಕೂತಿದ್ದೆ. ‘ತೆಗಿ, ತೆಗಿ. ಭಾರ ಬಿದ್ರೆ ಚುಕ್ಕಿ ಸತ್ತೋಗುತ್ತೆ’ ಅಂದ. ಸವೆದುಹೋದ ಒಂದು ಪುಟದ ಮೇಲೆ ನನ್ನ ಬೆರಳು ಹಿಡಿದು ಆಡಿಸಿದ. ನನಗೆ ಸವೆದದ್ದೂ ಒಂದೇ, ಸವೆಯದ್ದೂ ಒಂದೇ.

ಆರು ಚುಕ್ಕಿಗಳಲ್ಲೇ ಎಲ್ಲಾ ಅಕ್ಷರ. ಕನ್ನಡವೂ ಅಷ್ಟರಲ್ಲೇ. ಒತ್ತಕ್ಷರ ಕೆಳಗೆ ನೇತಾಡುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತದೆ. ಕಿಂಡಿಗಳಿರುವ ಬ್ರೈಲ್ ಸ್ಲೇಟಿನ ನಡುವೆ ಹಾಳೆ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗಬೇಕು. ಆಮೇಲೆ ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ಎರಡನೇ ಭಾನುವಾರ ನಾನು ನನ್ನ ಹೆಸರು ಬರೆದೆ. ಅಭ್ಯಾಸಬಲ, ಎಡದಿಂದ ಶುರುಮಾಡಿದ್ದೆ. ಅಣ್ಣ ಬೆರಳಾಡಿಸಿ ಬಿದ್ದು ಬಿದ್ದು ನಕ್ಕ. ಪಕ್ಕದಲ್ಲಿದ್ದ ಇಬ್ಬರು ಚಿಕ್ಕ ಹುಡುಗರನ್ನು ಕರೆದು ಅವರ ಕೈಯಲ್ಲೂ ಓದಿಸಿದ. ಅವರೂ ನಕ್ಕರು. ಶಾಲೆಯಲ್ಲಿ ಅಂದವಾದ ಅಕ್ಷರದವನು ಅಂತ ಹೆಸರಾಗಿದ್ದವನನ್ನು ಅವತ್ತು ಆರು ವರ್ಷದ ಮಕ್ಕಳು ಕೈ ಮುಟ್ಟಿ ಗೇಲಿ ಮಾಡಿದರು.

ಬರೆಯುವುದು ಸುಲಭ ಅಂದುಕೊಂಡಿದ್ದೆ. ಕೇಳು, ಬರಿ, ಮುಗೀತು, ಅಲ್ವಾ? ಅಣ್ಣ ‘ಮಳೆ ಕಡಿಮೆ ಆಗಿದ್ದರಿಂದ ಬೆಳೆ ಹಾಳಾಯಿತು’ ಅಂತ ಹೇಳಿದ. ನಾನು ‘ಮಳೆಯ ಅಭಾವದಿಂದಾಗಿ ಬೆಳೆಗಳು ನಾಶವಾದವು’ ಅಂತ ಬರೆದೆ. ಬೇಕಂತ ಅಲ್ಲ. ನನ್ನ ಕೈಗೆ ಅದೇ ಬಂತು. ‘ಓದು’ ಅಂದ. ಓದಿದೆ. ‘ಇದು ಯಾರ ಮಾತು?’ ಅಂದ. ಇನ್ನೊಂದು ಸಲ ಬರೆಸಿದ. ಆ ದಿನ ಒಂದೂವರೆ ಗಂಟೆಯಲ್ಲಿ ನಾಲ್ಕು ಉತ್ತರ ಮುಗಿಸಿದೆವು, ಅದರಲ್ಲಿ ಮೂರನ್ನು ಎರಡೆರಡು ಸಲ. ಇನ್ನೊಬ್ಬರ ವಾಕ್ಯವನ್ನು ಹಾಗ್ಹಾಗೇ ಕಾಗದದವರೆಗೆ ತಲುಪಿಸುವುದು ತುಂಬಿದ ಬಿಂದಿಗೆ ಹೊತ್ತುಕೊಂಡು ನಡೆದ ಹಾಗೆ. ನಡುವೆ ಎಲ್ಲೋ ತುಳುಕಿರುತ್ತದೆ, ನಮಗೇ ಗೊತ್ತಾಗಿರುವುದಿಲ್ಲ.

ನನ್ನ ಇಂಕ್ ಪೆನ್ನಿಗೂ ಅವನ ಆಕ್ಷೇಪಣೆಯಿತ್ತು. ಅಪ್ಪ ಕೊಡಿಸಿದ್ದ ಹೀರೋ ಪೆನ್ನು, ನನ್ನ ಅಕ್ಷರದ ಗುಟ್ಟೇ ಅದು. ‘ಬಾಲ್ ಪೆನ್ ತಗೊಂಡು ಬಾ. ಇದು ಸದ್ದೇ ಮಾಡಲ್ಲ. ನೀನು ಬರೀತಿದ್ದೀಯೋ, ಕಿಟಕಿ ಕಡೆ ನೋಡ್ತಿದ್ದೀಯೋ ಹೆಂಗೆ ಗೊತ್ತಾಗ್ಬೇಕು?’ ಅಂದ. ಬಾಲ್ ಪೆನ್ನಿನಲ್ಲಿ ನನ್ನ ಅಕ್ಷರ ಅಷ್ಟೇನೂ ಚೆನ್ನಾಗಿ ಬರುತ್ತಿರಲಿಲ್ಲ. ಅವನಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಈಗ ಛಂದಸ್ಸಿನ ವಿಷಯ ಹೇಳಲೇಬೇಕು. ಪದ್ಯದ ಸಾಲು ಕೊಟ್ಟು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ ಅಂತ ಕೇಳುತ್ತಾರಲ್ಲ, ಅಂದರೆ ಒಂದು ಮಾತ್ರೆಯ ಅಕ್ಷರಕ್ಕೆ ಲಘು, ಎರಡು ಮಾತ್ರೆಯದಕ್ಕೆ ಗುರು ಅಂತ ಗುರುತು ಹಾಕಿ ಗುಂಪು ಮಾಡುವುದು, ಅದರಲ್ಲಿ ನಾನು ಗಟ್ಟಿಗ ಅಂದುಕೊಂಡಿದ್ದೆ. ನನ್ನ ದಾರಿ ಏನೆಂದರೆ ಸಾಲಿನ ಮೇಲೆ ಕಣ್ಣೋಡಿಸಿ ಒತ್ತಕ್ಷರ ಎಲ್ಲೆಲ್ಲಿದೆ ಹುಡುಕುವುದು, ಅದರ ಹಿಂದಿನ ಅಕ್ಷರಕ್ಕೆ ಗುರು ಹಾಕುವುದು. ದೀರ್ಘ ಇದ್ದರೆ ಗುರು. ಉಳಿದದ್ದು ಲಘು. ಅಣ್ಣ ಇದನ್ನು ಕೇಳಿ, ‘ಅಷ್ಟೊಂದು ಯಾಕೆ ಹುಡುಕ್ತೀಯ? ಅಕ್ಕ ಅಂತ ಜೋರಾಗಿ ಅನ್ನು’ ಅಂದ. ಅಂದೆ. ‘ಅಕ್... ಕ. ನಾಲಿಗೆ ನಿಂತ್ಕೊಂಡ್ತಲ್ಲ, ಅದೇ ಗುರು’ ಅಂದ. ನಾನು ಎರಡು ವರ್ಷದಿಂದ ಈ ಲೆಕ್ಕ ಮಾಡುತ್ತಿದ್ದೆ. ಅದು ಬಾಯಲ್ಲಿ ಆಗುವ ಸಂಗತಿ ಅಂತ ಒಮ್ಮೆಯೂ ತಲೆಗೆ ಬಂದಿರಲಿಲ್ಲ.

ಕನ್ನಡ ಪರೀಕ್ಷೆಯ ದಿನ ನಮ್ಮನ್ನು ಸೈನ್ಸ್ ಲ್ಯಾಬಿನಲ್ಲಿ ಕೂರಿಸಿದ್ದರು. ಬೇರೆ ಕೋಣೆ, ಬೇರೆ ಮೇಲ್ವಿಚಾರಕರು, ಸ್ವಲ್ಪ ಜಾಸ್ತಿ ಸಮಯ. ಅಣ್ಣ ಒಳಗೆ ಬಂದವನೇ ‘ಏನಿದು ಮೊಟ್ಟೆ ಕೊಳೆತ ವಾಸನೆ’ ಅಂದ. ನಮ್ಮ ಲ್ಯಾಬಿನ ವಾಸನೆ ನೆನಪಿರುವವರಿಗೆ ವಿವರಿಸಬೇಕಿಲ್ಲ. ಪ್ರಸ್ತಾರದ ಪ್ರಶ್ನೆ ಬಂತು. ನಾನು ಸಾಲುಗಳನ್ನು ಓದಿದೆ. ‘ಇನ್ನೊಂದ್ಸಲ’ ಅಂದ. ಓದಿದೆ. ಮೇಜಿನ ಮೇಲೆ ಲಘುವಿಗೆ ಬೆರಳು, ಗುರುವಿಗೆ ಅಂಗೈ ಬಡಿಯುತ್ತಾ ಹೋದ. ಮೂರು ಮಾತ್ರೆ ನಾಲ್ಕು ಮಾತ್ರೆ, ಮೂರು ನಾಲ್ಕು. ಮೂರನೇ ಸಾಲಿನಲ್ಲಿ ಇನ್ನೂ ಒಂದು ಜೊತೆ, ಕೊನೆಗೊಂದು ಅಂಗೈ. ‘ಭಾಮಿನಿ’ ಅಂದ, ಭಾಮಿನಿ ಷಟ್ಪದಿ ಅಂತ. ನಾನು ಇನ್ನೂ ಮೊದಲನೇ ಸಾಲಿನ ಒತ್ತಕ್ಷರ ನೋಡುತ್ತಿದ್ದೆ. ವರಾಂಡದಲ್ಲಿದ್ದ ಮೇಲ್ವಿಚಾರಕರು ಮೇಜು ಬಡಿದ ಸದ್ದಿಗೆ ಒಳಗೆ ಬಂದು, ಏನಾಯ್ತು ಅಂತ ಕೇಳಿ, ವಿಷಯ ಗೊತ್ತಾದ ಮೇಲೆ ಹೋಗದೆ ಅಲ್ಲೇ ನಿಂತರು.

ಸಮಾಜ ವಿಜ್ಞಾನದ ದಿನ ಆ ಗಲಾಟೆ ನಡೆಯಿತು. ಗಲಾಟೆ ಅಂದರೆ ಹೊರಗಿನವರಿಗೆ ಏನೂ ಕೇಳಿಸಿರಲಿಕ್ಕಿಲ್ಲ. ಎರಡನೇ ಆಂಗ್ಲೋ-ಮೈಸೂರು ಯುದ್ಧದ ಬಗ್ಗೆ ಪ್ರಶ್ನೆ. ಮಂಗಳೂರು ಒಪ್ಪಂದದಿಂದ ಯುದ್ಧ ಮುಗಿಯಿತು ಅಂತ ಅಣ್ಣ ಸರಿಯಾಗೇ ಹೇಳಿದ. ಇಸವಿ ಮಾತ್ರ 1782 ಅಂದ. ಅದು ಹೈದರಾಲಿ ತೀರಿಕೊಂಡ ವರ್ಷ. ಒಪ್ಪಂದ ಆದದ್ದು 1784ರಲ್ಲಿ, ಟಿಪ್ಪುವಿನ ಕಾಲಕ್ಕೆ. ಮೈಸೂರಿನ ಕ್ವಿಜ್ ಹುಡುಗರಿಗೆ ಇದು ನಿದ್ದೆಯಲ್ಲೂ ಗೊತ್ತು. ನನ್ನ ಕೈ 1784 ಅಂತ ಬರೆಯಿತು. ಅಷ್ಟಕ್ಕೇ ಬಿಡದೆ, ಟಿಪ್ಪು ಸಹಿ ಹಾಕಿದ ಅಂತ ಒಂದು ಸಣ್ಣ ವಾಕ್ಯವನ್ನೂ ಸೇರಿಸಿತು. ಮೇಲ್ವಿಚಾರಕರು ಬಾಗಿಲ ಹತ್ತಿರ ಇದ್ದರು.

‘ನಾನು ಅಷ್ಟುದ್ದ ಹೇಳಲಿಲ್ವಲ್ಲ’ ಅಂದ ಅಣ್ಣ, ಮೆಲ್ಲಗೆ.

ಬಾಲ್ ಪೆನ್ನು.

‘ಓದು’ ಅಂದ. ಓದಿದೆ, ಬಾಯಿ ಒಣಗಿತ್ತು. ‘ನಾನು ಎಂಬತ್ತೆರಡು ಅಂದೆ.’ ಎಂಬತ್ನಾಲ್ಕು ಅಂತ ನಾನು ಉಸಿರಲ್ಲೇ ಹೇಳಿದೆ. ‘ಇರಬಹುದು. ನಾನು ಹೇಳಿದ್ದು ಎಂಬತ್ತೆರಡು. ಹೊಡೆದುಹಾಕಿ ಅದನ್ನ ಬರಿ.’

ತಪ್ಪು ಅಂತ ಗೊತ್ತಿದ್ದೂ ಬರೆಯುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ನನ್ನ ವಾಕ್ಯ ಹೊಡೆದುಹಾಕಿ, 1782 ಅಂತ ಬರೆದೆ. ಅಂಕಿಗಳು ಓರೆಯಾದವು. ಹೋದದ್ದು ಒಂದು ಅಂಕ ಇರಬಹುದು, ಅರ್ಧವೂ ಇರಬಹುದು. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಗಿತ್ತು. ಒಳ್ಳೆಯದು ಮಾಡಲು ಹೋದರೆ ಇವನಿಗೆ ಎಷ್ಟು ಜಂಭ ಅನಿಸಿತು. ಹೌದು, ಹಾಗೇ ಅನಿಸಿತು.

ಪರೀಕ್ಷೆ ಮುಗಿದ ಮೇಲೆ ಗೇಟಿನವರೆಗೆ ನಾನು ಮಾತಾಡಲಿಲ್ಲ. ಮೊಣಕೈ ಮೇಲೆ ಅದೇ ಎರಡು ಬೆರಳು. ಬೇವಿನ ಮರದ ಕೆಳಗೆ ಅವರ ಮೇಷ್ಟ್ರಿಗೆ ಕಾಯುತ್ತಾ ನಿಂತಾಗ ಅವನೇ ಶುರುಮಾಡಿದ. ಅವನ ಸೀನಿಯರ್ ಒಬ್ಬನಿಗೆ ಒಳ್ಳೆಯ ಅಂಕ ಬಂದಿತ್ತಂತೆ. ಊರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆಯಂತೆ, ‘ಬರೆದುಕೊಟ್ಟ ಹುಡುಗ ಯಾರು, ಬಲೇ ಬುದ್ಧಿವಂತ ಇರಬೇಕು’ ಅಂತ. ‘ನಿನ್ನ ಎಂಬತ್ನಾಲ್ಕು ಒಳಗೆ ಬಂದ್ರೆ, ನನ್ನ ಭಾಮಿನೀನೂ ನಿಂದೇ ಆಗೋಗುತ್ತೆ’ ಅಂದ. ಆಮೇಲೆ, ‘ನಿಜವಾಗ್ಲೂ ಎಂಬತ್ನಾಲ್ಕಾ?’ ಅಂದ. ಹೌದು ಅಂದೆ. ‘ಥತ್’ ಅಂದು ಹಣೆ ಚಚ್ಚಿಕೊಂಡ.

ನನಗೆ ಅಮ್ಮನ ಮಾತು ನೆನಪಾಯಿತು. ಪಕ್ಕದ ಮನೆಯವರಿಗೆ ಹೇಳಿದ್ದು. ಅದನ್ನು ಕೇಳಿ ನಾನು ಸುಮ್ಮನಿದ್ದದ್ದು.

ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದ. ನಮ್ಮ ಮೇಷ್ಟ್ರು ಹೇಳಿ ಗೊತ್ತಾಯಿತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ‘ನೀನು ಬರೆದದ್ದಕ್ಕೆ ಸಾರ್ಥಕ’ ಅಂದರು. ‘ಅವನು ಬರೆದದ್ದಮ್ಮ’ ಅಂದೆ. ಅಮ್ಮನಿಗೆ ಅರ್ಥವಾಗಲಿಲ್ಲ, ನನಗೂ ಜಾಸ್ತಿ ವಿವರಿಸಲು ಬರಲಿಲ್ಲ. ಆಮೇಲೆ ಅಣ್ಣನ ಸಂಪರ್ಕ ತಪ್ಪಿತು. ಆಗ ನಮ್ಮಿಬ್ಬರ ಮನೆಯಲ್ಲೂ ಫೋನಿರಲಿಲ್ಲ.

ಈಗ ನಾನು ಬ್ಯಾಂಕಿನಲ್ಲಿದ್ದೇನೆ. ಓದು ಬರಹ ಬಾರದವರು ಕೌಂಟರಿಗೆ ಬಂದು ಚಲನ್ ಬರೆದುಕೊಡಿ ಅನ್ನುತ್ತಾರೆ. ಬರೆದು, ಕೊಡುವ ಮುಂಚೆ ಒಂದ್ಸಲ ಓದಿ ಹೇಳುತ್ತೇನೆ. ಹಿಂದೆ ಸಾಲಿನಲ್ಲಿ ನಿಂತವರಿಗೆ ಸಿಟ್ಟು ಬರುತ್ತದೆ. ನಮ್ಮ ಶಾಲೆಯ ಈ ಸಂಚಿಕೆ ಓದುವ ಮಕ್ಕಳಿಗೆ ಇನ್ನೊಂದು ವಿಷಯ. ಅಣ್ಣನ ಹಾಗೆ ಇನ್ನೊಬ್ಬರಿಗೆ ಹೇಳಿ ಪರೀಕ್ಷೆ ಬರೆಸುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕು ಅಂತ ಕೇಂದ್ರ ಸರ್ಕಾರ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. ನಿಮ್ಮ ಮೇಷ್ಟ್ರು ಯಾವತ್ತಾದರೂ ನಿಮ್ಮನ್ನು ಕರೆದು ಕೇಳಿದರೆ ಒಪ್ಪಿಕೊಳ್ಳಿ. ಬಾಲ್ ಪೆನ್ ತೆಗೆದುಕೊಂಡು ಹೋಗಿ.

ಮಾರನೇ ವರ್ಷ ನನ್ನ ಎಸ್ಸೆಸ್ಸೆಲ್ಸಿ. ಅದೇ ಶಾಲೆ, ಈ ಸಲ ಮೇಲಿನ ಹಾಲಿನಲ್ಲಿ ಎಲ್ಲರ ಜೊತೆ. ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಭಾರತದ ನಕ್ಷೆಯ ಪ್ರಶ್ನೆ. ಅದರ ಕೆಳಗೆ ‘ಅಂಧ ವಿದ್ಯಾರ್ಥಿಗಳಿಗೆ ಮಾತ್ರ’ ಅಂತ ನಕ್ಷೆಯ ಬದಲು ಬರೆಯಲು ಬೇರೆ ಪ್ರಶ್ನೆ. ಹಳೆಯ ಪ್ರಶ್ನೆಪತ್ರಿಕೆ ಎಷ್ಟು ಬಿಡಿಸಿದ್ದೆನೋ ಲೆಕ್ಕವಿಲ್ಲ, ಅವುಗಳಲ್ಲೂ ಈ ಸಾಲು ಇದ್ದೇ ಇರಬೇಕು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆ ಪ್ರಶ್ನೆಯನ್ನು ಎರಡು ಸಲ ಓದಿದೆ. ಮನಸ್ಸಿನಲ್ಲೇ ಉತ್ತರ ಹೇಳಿಕೊಂಡೆ, ಹೇಳಿ ಬರೆಸುವವರ ಹಾಗೆ, ನಿಧಾನಕ್ಕೆ. ಮೇಲ್ವಿಚಾರಕರು ಹತ್ತಿರ ಬಂದು ಬಗ್ಗಿ ನೋಡಿ, ‘ಅದು ನಿಂದಲ್ಲ ಕಣಪ್ಪ, ನೀನು ನಕ್ಷೆ ಬರಿ’ ಅಂದರು.

ಪೆನ್ಸಿಲ್ ತೆಗೆದುಕೊಂಡೆ. ಕಾವೇರಿಯನ್ನು ಎಳೆಯುವಾಗ ಸ್ವಲ್ಪ ಒತ್ತಿ ಎಳೆದೆ, ಸದ್ದು ಬರುವಷ್ಟು.