ಅಲ್ಲಿ ರೊಟ್ಟಿ ಸಿಗತಾವೇನ?

ಸಿಗಲ್ಲ. ನಾನೇ ಬಡಿದುಕೊಳ್ಳುತ್ತೇನೆ. ಸಾಕಾ?

ಸಾಕಾಗಲ್ಲ, ಗೊತ್ತು. ಜರ್ಮನಿಗೆ ಹೋಗಿ ಏಳು ವರ್ಷ ದಾಟಿತು. ಪ್ರತಿ ಸಲ ವಿಜಯಪುರಕ್ಕೆ ಬಂದಾಗಲೂ ಇದೇ ಪ್ರಶ್ನೆ. ರೈಲು ಇಳಿದು ಆಟೋ ಹತ್ತಿದರೆ ಆಟೋದವರು, ಕಟಿಂಗ್ ಅಂಗಡಿಯಲ್ಲಿ ಕೂತರೆ ಕತ್ತರಿ ಹಿಡಿದವರು, ಮದುವೆ ಪಂಗತಿಯಲ್ಲಿ ಎದುರಿಗೆ ಕೂತ ಯಾರದೋ ಮಾವ. "ಅಲ್ಲಿ ರೊಟ್ಟಿ ಸಿಗತಾವೇನ? ಇಲ್ಲಾ ಬರೇ ಬ್ರೆಡ್ಡೇನ?" ಪಗಾರ ಎಷ್ಟು ಅಂತ ಕೇಳುವವರು ಎರಡನೇ ನಂಬರಿನಲ್ಲಿದ್ದಾರೆ. ಅವರಿಗಾದರೂ ಸುಳ್ಳು ಹೇಳಿ ಪಾರಾಗಬಹುದು.

ನನಗೆ ಸಿಟ್ಟು ಬರುವುದು ಆ "ಬರೇ ಬ್ರೆಡ್" ಅನ್ನುವ ಮಾತಿಗೆ. ನಮ್ಮ ಕಡೆ ಬ್ರೆಡ್ ಅಂದರೆ ದವಾಖಾನೆ. ಯಾರಾದರೂ ಅಡ್ಮಿಟ್ ಆದರೆ ಒಂದು ಬ್ರೆಡ್ ಪ್ಯಾಕೆಟ್, ಎರಡು ಎಳನೀರು ಹಿಡಿದು ನೋಡಲು ಹೋಗುತ್ತೇವೆ. ಏಳು ವರ್ಷದಿಂದ ನಾನು ಯಾವುದೋ ವಾರ್ಡಿನಲ್ಲಿ ಮಲಗಿದ್ದೇನೆ ಅನ್ನುವ ಧಾಟಿಯಲ್ಲೇ ಕೇಳುತ್ತಾರೆ. ಕೊನೆಗೊಂದು "ಪಾಪ" ಬೇರೆ.

ಆ ಪಾಪ ಅನ್ನೋರು ಒಮ್ಮೆ ಅಲ್ಲಿಯ ಬೇಕರಿ ನೋಡಬೇಕು. ಅಲ್ಲಿ ದಾಖಲೆ ಮಾಡಿಟ್ಟಿರುವ ಬ್ರೆಡ್ಡಿನ ಬಗೆಗಳೇ 3000ಕ್ಕೂ ಜಾಸ್ತಿ. ರೈ ಹಿಟ್ಟನ್ನು ಹುಳಿ ಬರಿಸಿ ಮಾಡಿದ ಕಪ್ಪು ಬ್ರೆಡ್ಡಿಗೆ ಚಾಕು ಹಾಕಿದರೆ ಕಟ್ಟಿಗೆ ಕೊಯ್ದ ಸಪ್ಪಳ ಬರುತ್ತದೆ. ರಾತ್ರಿ ಊಟಕ್ಕೆ ಅವರಿಟ್ಟ ಹೆಸರೇ 'ಆಬೆಂಟ್‌ಬ್ರೋಟ್', ಅಂದರೆ ಸಂಜೆಯ ಬ್ರೆಡ್ಡು. ನಮ್ಮಲ್ಲಿ ಹೊಲಕ್ಕೆ ಹೋಗುವವರು ರೊಟ್ಟಿ ಕಟ್ಟಿಕೊಂಡು ಹೋಗ್ತೀವಿ ಅಂತಾರಲ್ಲ, ಅದೇ ಲೆಕ್ಕ. ಪಲ್ಯ, ಚಟ್ನಿ, ಉಳ್ಳಾಗಡ್ಡಿ ಎಲ್ಲ ಆ ಒಂದು ಮಾತಿನಲ್ಲೇ ಬಂತು.

ಇರಲಿ. ರೊಟ್ಟಿಗೆ ಬರುತ್ತೇನೆ.

ಮೊದಲ ವರ್ಷ ಅಂಗಡಿಯಲ್ಲಿ 'ಹಿರ್ಸೆ' ಅಂತ ಬರೆದ ಪೊಟ್ಟಣ ಕಂಡಿತು. ಚಿತ್ರ ನೋಡಿ ಜೋಳ ಅಂದುಕೊಂಡು ತಂದೆ. ಅದು ಬರಗು. ಮಿಕ್ಸಿಗೆ ಹಾಕಿ ರೊಟ್ಟಿ ಮಾಡಲು ಹೋಗಿ ಏನಾಯಿತು ಅಂತ ಕೇಳಬೇಡಿ. ಆಮೇಲೆ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಗಿರಣಿ ಬಿಟ್ಟು ಎಷ್ಟು ತಿಂಗಳಾಗಿತ್ತೋ, ಜಿಗಿಯೇ ಇರಲಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇರುವುದಿಲ್ಲ. ಕುದಿಯುವ ಎಸರು ಬಿದ್ದು, ಹಿಟ್ಟು ಅರೆಬರೆ ಬೆಂದಾಗಷ್ಟೇ ಅದು ಒಂದಕ್ಕೊಂದು ಹಿಡಿದುಕೊಳ್ಳುವುದು. ಇದೆಲ್ಲ ಅವ್ವನಿಗೆ ಗೊತ್ತಿಲ್ಲ. ಆಕೆ ವಿಡಿಯೋ ಕಾಲ್‌ನಲ್ಲಿ ಹೇಳಿದ್ದು ಇಷ್ಟೇ: "ಎಸರು ಹಾಕು. ಕೈ ಸುಡಬೇಕು. ಸುಡಲಿಲ್ಲಂದ್ರ ರೊಟ್ಟಿ ಆಗಂಗಿಲ್ಲ."

ಸುಟ್ಟಿತು. ರೊಟ್ಟಿಯೂ ಆಯಿತು, ಸುಮಾರು ನಾಲ್ಕು ತಿಂಗಳ ಮೇಲೆ. ಒಲೆ ಗಾಜಿನದು, ಉರಿ ಇಲ್ಲ. ಬಟ್ಟೆಯಿಂದ ಒತ್ತಿ ಒತ್ತಿ ಉಬ್ಬಿಸಬೇಕು. ಹಂಚಿನ ಮೇಲೆ ಒಣಹಿಟ್ಟು ಸೀದು ಹೊಗೆ ಎದ್ದರೆ ಚಾವಣಿಯ ಅಲಾರಂ ಬಾಯಿ ಮಾಡುತ್ತದೆ. ಅದನ್ನೂ ಪಳಗಿಸಿದೆ.

ಪಳಗದೇ ಉಳಿದದ್ದು ಸಪ್ಪಳ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ, ಮೂರನೇ ಮಹಡಿ. ಒಂದು ರವಿವಾರ ಬೆಳಗ್ಗೆ ಎಂಟು ರೊಟ್ಟಿ ಬಡಿದೆ. ಸಂಜೆ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಕೆಳಗಿನ ಮನೆಯ ಅಜ್ಜಿಯದು. ಅಚ್ಚುಕಟ್ಟಾದ ಅಕ್ಷರ: ರವಿವಾರ ವಿಶ್ರಾಂತಿಯ ದಿನ, ಬಡಗಿ ಕೆಲಸವನ್ನು ದಯವಿಟ್ಟು ವಾರದ ದಿನಗಳಲ್ಲಿ ಮಾಡಿಕೊಳ್ಳಿ.

ಬಡಗಿ ಕೆಲಸ! ಅಲ್ಲಿ ರವಿವಾರದ ವಿಶ್ರಾಂತಿಗೆ ಸಂವಿಧಾನದಲ್ಲೇ ರಕ್ಷಣೆ ಇದೆ. ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಡ್ರಿಲ್ ಹಚ್ಚುವಂತಿಲ್ಲ. ಆದರೆ ಜೋಳದ ರೊಟ್ಟಿ ಯಾವ ಕಲಮಿಗೆ ಬರುತ್ತದೆ ಅಂತ ಯಾರನ್ನು ಕೇಳಲಿ? ನಾನೂ ಚೀಟಿ ಬರೆದೆ. ನನ್ನ ಅರ್ಧಮರ್ಧ ಜರ್ಮನ್‌ನಲ್ಲಿ: "ಕ್ಷಮಿಸಿ, ನಾನು ಬ್ರೆಡ್ ಬಡಿಯುತ್ತಿದ್ದೆ." ಆ ಭಾಷೆಯಲ್ಲಿ ಬ್ರೆಡ್ಡನ್ನು ಯಾರೂ ಬಡಿಯುವುದಿಲ್ಲ ಅಂತ ಆಮೇಲೆ ಆಫೀಸಿನಲ್ಲಿ ಗೊತ್ತಾಯಿತು. ಅಜ್ಜಿ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಇನ್ನೊಂದು ಚೀಟಿ: "ಶನಿವಾರ 10ರಿಂದ 12."

ಅಷ್ಟೇ. ಅವರನ್ನು ಊಟಕ್ಕೆ ಕರೆದೆ, ಶೇಂಗಾ ಚಟ್ನಿ ತಿಂದು ಕಣ್ಣೀರು ಹಾಕಿದರು, ಅಂದಿನಿಂದ ನಾವು ಅಜ್ಜಿ ಮೊಮ್ಮಗ, ಅಂತೆಲ್ಲ ಏನೂ ಇಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಗುಡ್ ಮಾರ್ನಿಂಗ್ ಹೇಳುತ್ತೇವೆ. ನಾನು ಶನಿವಾರ 10ರಿಂದ 12ರೊಳಗೆ ವಾರದ ರೊಟ್ಟಿ ಮುಗಿಸುತ್ತೇನೆ. ಲಟ್ಟಿಸಿದರೆ ಸಪ್ಪಳ ಇರಲ್ಲ ಅಲ್ವಾ ಅಂತ ಕೇಳುವ ಶಾಣ್ಯಾರಿಗೆ ಅವ್ವನ ಉತ್ತರ ದಾಟಿಸುತ್ತೇನೆ: "ಲಟ್ಟಿಸಿದ್ದು ರೊಟ್ಟಿ ಅಲ್ಲ, ಜೋಳದ ಚಪಾತಿ."

ಇನ್ನು "ಇಲ್ಲಿಂದ ಕಟ್ಟಿಕೊಂಡು ಹೋಗಬಾರದೇನ?" ಅನ್ನುವವರು. ಒಯ್ದೆ ಮಾರಾಯರೇ. ಕಟಕ್ ರೊಟ್ಟಿ ಐವತ್ತು ಒಯ್ದೆ. ಸೂಟ್‌ಕೇಸ್ ತೆಗೆದರೆ ಐವತ್ತರ ಪುಡಿ. ಮೊಸರಿಗೆ ಕಲಸಿಕೊಂಡು ಒಂದು ತಿಂಗಳು ತಿಂದೆ. ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮಾತ್ರ ಪುಡಿಯಾಗಿಯೇ ಹೋಗಿ ಪುಡಿಯಾಗಿಯೇ ಮುಟ್ಟಿದವು. ಹಾಲಿನ ಪದಾರ್ಥ ಅಲ್ಲಿಗೆ ಒಯ್ಯುವಂತಿಲ್ಲ. ಹಾಗಾಗಿ ಬೆಳಗಾವಿಯ ಅತ್ತೆ ಪ್ರತಿ ಸಲ ಕೊಡುವ ಕುಂದಾವನ್ನು ಬೆಂಗಳೂರಿನ ತನಕದ ರೈಲಿನಲ್ಲೇ ಮುಗಿಸುತ್ತೇನೆ. ವಿಮಾನಕ್ಕಿಂತ ಆ ರೈಲಿನ ಪ್ರಯಾಣವೇ ಉದ್ದ, ತೊಂದರೆ ಇಲ್ಲ.

ಇಷ್ಟು ವರ್ಷದಲ್ಲಿ ಒಬ್ಬರಾದರೂ ಇದನ್ನು ತಿರುಗಿಸಿ ಕೇಳಿಲ್ಲ. "ಇಲ್ಲಿ ನಿನಗ ರೊಟ್ಟಿ ಸಿಕ್ಕವೇನ?" ಅಂತ.

2024ರ ಎಳ್ಳ ಅಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂದಿತ್ತು. ಕ್ರಿಸ್‌ಮಸ್ ರಜೆಗೆ ಇನ್ನಷ್ಟು ರಜೆ ಸೇರಿಸಿ, ಹೊಲಕ್ಕೆ ಎಡೆ ಚೆಲ್ಲುವ ಚರಗಕ್ಕೆ ಸಿಗಲೇಬೇಕು ಅಂತ ಬಂದಿದ್ದೆ. ನಮ್ಮ ಹೊಲ ಡೋಣಿ ನದಿಯ ಸಾಲಿನಲ್ಲಿದೆ. ಡೋಣಿ ಹರಿದರೆ ಓಣೆಲ್ಲ ಜೋಳ ಅಂತಾರಲ್ಲ, ಅದೇ ಡೋಣಿ. ಚಿಕ್ಕಂದಿನಲ್ಲಿ ಆ ದಿನ ನನಗಿಂತ ಎತ್ತರದ ಬಿಳಿಜೋಳದ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದೆವು. ಈ ಸಲ ಹೋಗಿ ನಿಂತರೆ ಬದುವಿನಿಂದ ಬದುವಿಗೆ ತೊಗರಿ. ಒಂದು ಮೂಲೆಯಲ್ಲಿ ಕಡ್ಲಿ.

ಕಾಕಾನನ್ನು ಕೇಳಿದೆ. ಆತ ಬೆರಳು ಮಡಚಿ ಲೆಕ್ಕ ಹೇಳಿದ. ಬಿಳಿಜೋಳ ಕೈಯಿಂದ ಕೀಳಬೇಕು, ಕೀಳಲು ಆಳು ಸಿಗಲ್ಲ. ಮೊದಲು ಕಣಿಕಿಗಾದರೂ ಬಿತ್ತುತ್ತಿದ್ದೆವು, ಈಗ ದನಗಳೇ ಇಲ್ಲ. ತೊಗರಿಯಾದರೆ ಕೈಗೆ ರೊಕ್ಕ ಬರುತ್ತದೆ. ಮನೆಗೆ ಜೋಳ ಬೇಕಲ್ಲ ಅಂದರೆ, "ಅಂಗಡ್ಯಾಗ ಸಿಗತೈತಿ ತಗೋ" ಅಂದ.

ಚರಗ ಚೆಲ್ಲಿ, ತೊಗರಿ ಸಾಲಿನ ಪಕ್ಕ ಕಂಬಳಿ ಹಾಸಿ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಪುಂಡಿಪಲ್ಯ, ಬದನೆಕಾಯಿ, ಕಡುಬು. ರೊಟ್ಟಿ ಎಲ್ಲವೂ ಒಂದೇ ಅಳತೆ, ಒಂದೇ ದಪ್ಪ. ಅವ್ವನ ರೊಟ್ಟಿ ಹಾಗಿರಲ್ಲ, ಒಂದು ಕಡೆ ಸ್ವಲ್ಪ ಉದ್ದ. ಆಗ ಗೊತ್ತಾಯಿತು. ಓಣಿಯಲ್ಲಿ ರೊಟ್ಟಿ ಮಾಡಿ ಮಾರುವಾಕೆಯಿಂದ ತರಿಸಿದ್ದರು. ಅವ್ವನ ಬಲಭುಜ ಹಿಡಿದುಕೊಂಡು ಎಂಟು ತಿಂಗಳಾಗಿತ್ತಂತೆ. ರೊಟ್ಟಿ ಬಡಿಯಬಾರದು ಅಂತ ಡಾಕ್ಟರು ಹೇಳಿದ್ದರಂತೆ. ವಾರವಾರ ವಿಡಿಯೋದಲ್ಲಿ ನನ್ನ ರೊಟ್ಟಿ ನೋಡಿ "ಅಂಚು ಹರದೈತಿ ನೋಡು" ಅನ್ನುತ್ತಿದ್ದಾಕೆ ಇದೊಂದನ್ನು ಹೇಳಿರಲಿಲ್ಲ. ಕ್ಯಾಮೆರಾದಲ್ಲಿ ಭುಜ ಕಾಣಿಸುತ್ತದೆ, ನೋವು ಕಾಣಿಸಲ್ಲ.

ಸರಿಯಾಗಿ ಆ ಹೊತ್ತಿಗೆ, ಕೊಂಡು ತಂದ ರೊಟ್ಟಿಯನ್ನು ಪುಂಡಿಪಲ್ಯಕ್ಕೆ ಹಚ್ಚುತ್ತಾ, ಜೋಳದ ಒಂದು ಗಿಡವೂ ಇಲ್ಲದ ಹೊಲದಲ್ಲಿ ಕೂತು, ನಮ್ಮ ಮಾಮಾ ಕೇಳಿದ: "ಅಲ್ಲಾ ತಮ್ಮಾ, ಅಲ್ಲಿ ನಿನಗ ರೊಟ್ಟಿ ಸಿಗತಾವೇನ?"

ನಾನು ಏನೋ ಒಂದು ಜೋರಾಗಿಯೇ ಅಂದೆ. ಹಿರಿಯರಿಗೆ ಅನ್ನಬಾರದಿತ್ತು. ಮಾಮಾ ಇದನ್ನು ಓದುತ್ತಿದ್ದರೆ ತಪ್ಪಾಯಿತು.

ಮರುದಿನ ಬೆಳಗ್ಗೆ ಗಿರಣಿಗೆ ಹೋಗಿ ಎರಡು ಕಿಲೋ ಬೀಸಿಸಿಕೊಂಡು ಬಂದೆ. ಹಿಟ್ಟು ಇನ್ನೂ ಬಿಸಿ ಇತ್ತು. ಎಸರು ಹಾಕಿ ನಾದಿದರೆ ಬೆಣ್ಣೆ. ಸ್ಟುಟ್‌ಗಾರ್ಟ್‌ನ ಹಿಟ್ಟಿಗೆ ಒಗ್ಗಿದ ಕೈಗೆ ಇದು ಸುಲಭಕ್ಕಿಂತ ಸುಲಭ. ಅವ್ವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನಾನು ಮೊದಲ ರೊಟ್ಟಿಗೆ ಕೈ ಹಾಕುವಾಗ ಮೆಲ್ಲಗೆ ಅಂದಳು: "ಬಾಗಲಾ ಮುಂದ ಮಾಡು."

ಮಾಡಿದೆ. ಪರದೇಶದಲ್ಲಿರುವ ಮಗ ಬಂದು ರೊಟ್ಟಿ ಬಡಿಯುವುದನ್ನು ಓಣಿ ನೋಡಬಾರದು. ಆದರೆ ಬಾಗಿಲು ಹಾಕಿದರೆ ಸಪ್ಪಳ ನಿಲ್ಲುತ್ತದೆಯೇ? ಇಲ್ಲಿ ಚೀಟಿ ಅಂಟಿಸುವ ಪದ್ಧತಿ ಇಲ್ಲ. ಮೂರನೇ ರೊಟ್ಟಿಗೆ ಗೋಡೆಯಾಚೆಯಿಂದ ಪಕ್ಕದ ಮನೆಯ ಅತ್ತಿಯ ದನಿ ಬಂತು.

"ಯಕ್ಕಾ, ರೊಟ್ಟಿ ಬಡ್ಯಾಕತ್ತಿಯೇನ? ಭುಜ ಆರಾಮ ಆತೇನ?"

ಅವ್ವ ನನ್ನ ಮುಖ ನೋಡಿದಳು. ಕೈ ನಿಲ್ಲಿಸು ಅಂತ ಸನ್ನೆ ಮಾಡಿ, ಕೂತಲ್ಲಿಂದಲೇ ಕೂಗಿದಳು: "ಹೂಂನವಾ, ಆರಾಮ ಆತು."

"ಹಂಗಾದ್ರ ನಾಳಿ ನಮಗೂ ನಾಕ ಬಡಿಯವಾ. ನಿನ್ನ ಕೈ ರೊಟ್ಟಿ ತಿಂದು ಭಾಳ ದಿನ ಆತು."

ಆ ನಾಲ್ಕನ್ನೂ ಮರುದಿನ ನಾನೇ ಬಡಿದೆ, ಬಾಗಿಲು ಹಾಕಿಕೊಂಡು. ಒಂದು ಕಡೆ ಸ್ವಲ್ಪ ಉದ್ದ ಬರುವ ಹಾಗೆ.